ಆಟಕ್ಕೆ ಗರಡಿಯ ಬುನಾದಿ: ಇತರ ಕ್ರೀಡೆಗಳ ಪೂರಕ ತಾಲೀಮಾಗಿ ಸಮರಕಲೆಗಳು

ಕುಸ್ತಿ, ಜೂಡೊ, ಕರಾಟೆ, ಟೇಕ್ವಾಂಡೊ, ಬಾಕ್ಸಿಂಗ್, ಕಳರಿಪಯಟ್ಟು ಮುಂತಾದ ಸಮರಕಲೆಗಳನ್ನು ಅವುಗಳಲ್ಲಿ ಸ್ಪರ್ಧಿಸುವವರಷ್ಟೇ ಕಲಿಯುವುದಿಲ್ಲ. ಕಬಡ್ಡಿ, ವಾಲಿಬಾಲ್, ಫುಟ್‌ಬಾಲ್, ಕ್ರಿಕೆಟ್ ಆಡುವವರೂ ಮೈ ಹದಗೊಳಿಸಲು, ಸಮತೋಲನ ಸಾಧಿಸಲು, ಪೆಟ್ಟಾಗದಂತೆ ಬೀಳಲು ಅವನ್ನು ಅಭ್ಯಾಸ ಮಾಡುತ್ತಾರೆ. ತರಬೇತುದಾರರು ಇದನ್ನು ಪೂರಕ ತರಬೇತಿ ಅಥವಾ ಕ್ರಾಸ್ ಟ್ರೇನಿಂಗ್ ಎನ್ನುತ್ತಾರೆ. ಇಲ್ಲಿ ಎದುರಾಳಿಯನ್ನು ಚಿತ್ ಮಾಡುವುದು ಗುರಿಯಲ್ಲ. ಕುಸ್ತಿಯ ಕಣದಲ್ಲಿ ಗಳಿಸಿದ ಕಸುವು, ಕಾಲಿನ ಹಿಡಿತ, ದೇಹದ ಅರಿವು ಬೇರೊಂದು ಅಂಕಣದಲ್ಲಿ ಉಪಯೋಗಕ್ಕೆ ಬರಬೇಕು ಎಂಬುದು ಗುರಿ.

ಧಾರವಾಡ ಜಿಲ್ಲೆಯ ನವಲಗುಂದ, ಕುಂದಗೋಳ, ಕಲಘಟಗಿ, ಅಣ್ಣಿಗೇರಿ ಸೀಮೆಗೆ ಈ ಪದ್ಧತಿ ಹೊಸದೇನಲ್ಲ. ಇಲ್ಲಿ ಗರಡಿ ಮನೆಗೆ ಹೋದ ಹುಡುಗರೆಲ್ಲ ಪೈಲ್ವಾನರಾಗುತ್ತಿರಲಿಲ್ಲ. ಬೆಳಗಿನ ಜಾವ ಸಾಮು ತೆಗೆದವರೇ ಸಂಜೆ ಹುತುತು, ಅಂದರೆ ಕಬಡ್ಡಿ ಆಡುತ್ತಿದ್ದರು, ಹಬ್ಬಹುಣ್ಣಿಮೆಗೆ ಸಂಗ್ರಾಣಿ ಕಲ್ಲು ಎತ್ತುತ್ತಿದ್ದರು, ಜೋಳದ ಚೀಲ ಹೆಗಲಿಗೇರಿಸಿ ಶರ್ತು ಗೆಲ್ಲುತ್ತಿದ್ದರು. ಒಂದು ಕಡೆ ಬೆಳೆದ ಮೈ ಇನ್ನೊಂದು ಕಡೆ ದುಡಿಯುತ್ತದೆ ಎಂಬುದನ್ನು ಊರು ಕಣ್ಣಾರೆ ಕಂಡಿತ್ತು.

ನವಲಗುಂದ ತಾಲ್ಲೂಕಿನ ಯಮನೂರು ಬೆಣ್ಣಿಹಳ್ಳದ ದಂಡೆಯ ಊರು. ಚಾಂಗದೇವ ಎಂದೂ ರಾಜಾಬಾಗಸವಾರ ಎಂದೂ ಹಿಂದೂ ಮುಸ್ಲಿಮರಿಬ್ಬರೂ ನಡೆದುಕೊಳ್ಳುವ ಸನ್ನಿಧಿ ಅಲ್ಲಿದೆ. ಅದರ ಜಾತ್ರೆಗೆ ಉತ್ತರ ಕರ್ನಾಟಕದ ಉದ್ದಗಲದಿಂದ ಜನ ಬಂದು ಹಳ್ಳದಲ್ಲಿ ಮಿಂದು ಹೋಗುತ್ತಾರೆ. ಸುಗ್ಗಿ ಮುಗಿದು ಜಾತ್ರೆಗಳು ಸಾಲುಗಟ್ಟುವ ಕಾಲವೇ ಸೀಮೆಯಲ್ಲಿ ಸೋಲುಗೆಲುವು ತೀರ್ಮಾನವಾಗುವವರೆಗೆ ನಡೆಯುವ ಜಂಗಿ ನಿಕಾಲಿ ಕುಸ್ತಿಗಳ ಕಾಲವೂ ಹೌದು. ಗರಡಿಯ ಮಣ್ಣಿನಲ್ಲೂ ಎರಡು ಸಮುದಾಯದವರು ಒಟ್ಟಿಗೇ ಬೆಳೆದವರು. ಗೋಡೆಯ ಮೇಲೆ ಹನುಮಂತನ ಪಟ, ಕಣದೊಳಗೆ ಕಲಿಸುವ ಉಸ್ತಾದ್: ಈ ಜೋಡಿ ಇಲ್ಲಿಯ ಜನಕ್ಕೆ ವಿಶೇಷವಾಗಿ ಕಾಣುವುದೇ ಇಲ್ಲ.

ಮಾನಸೋಲ್ಲಾಸದ ಸಾಕ್ಷ್ಯ

ಒಂದು ಕ್ರೀಡೆಗೆ ಇನ್ನೊಂದರ ನೆರವು ಬೇಕು ಎಂಬ ತಿಳಿವಳಿಕೆಗೆ ಕನ್ನಡ ನೆಲದಲ್ಲೇ ಹಳೆಯ ಲಿಖಿತ ಆಧಾರವಿದೆ. ಕಲ್ಯಾಣ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ 12ನೇ ಶತಮಾನದ ಪೂರ್ವಾರ್ಧದಲ್ಲಿ ಸಂಸ್ಕೃತದಲ್ಲಿ ರಚಿಸಿದ ಮಾನಸೋಲ್ಲಾಸದಲ್ಲಿ ‘ಮಲ್ಲವಿನೋದ’ ಎಂಬ ಭಾಗವಿದೆ. ವಯಸ್ಸು, ಮೈಕಟ್ಟು, ಬಲ ನೋಡಿ ಮಲ್ಲರನ್ನು ವಿಂಗಡಿಸುವ ಕ್ರಮ, ಅವರಿಗೆ ಕೊಡಬೇಕಾದ ಆಹಾರ, ಮಾಡಿಸಬೇಕಾದ ವ್ಯಾಯಾಮ ಎಲ್ಲವನ್ನೂ ಅದು ಹೇಳುತ್ತದೆ. ಭಾರ ಎತ್ತುವುದು, ನಡಿಗೆ, ನೀರಿನಲ್ಲಿ ಈಜು, ತೋಳಿನ ಸಾಧನೆ, ಕಂಬದ ಸಾಧನೆ ಆ ಪಟ್ಟಿಯಲ್ಲಿವೆ. ಬರೀ ಕುಸ್ತಿಯಾಡಿ ಕುಸ್ತಿಪಟು ಪೂರ್ಣನಾಗುವುದಿಲ್ಲ, ಬೇರೆ ಬಗೆಯ ಶ್ರಮವೂ ಬೇಕು ಎಂಬ ಲೆಕ್ಕ ಅದರಲ್ಲಿ ಸ್ಪಷ್ಟವಾಗಿದೆ.

ಮುಂದೆ ಮೈಸೂರು ಅರಸರ ಆಶ್ರಯದಲ್ಲಿ ಗರಡಿಗಳು ಬೆಳೆದವು. ದಸರೆಯ ವಜ್ರಮುಷ್ಟಿ ಕಾಳಗದಲ್ಲಿ ಸೆಣಸುವ ಜಟ್ಟಿ ಮನೆತನದವರು ಮೂಳೆ ಕೂರಿಸುವುದು, ಉಳುಕು ತೆಗೆಯುವುದರಲ್ಲೂ ನುರಿತವರಾಗಿದ್ದರು. ಸೆಣಸಾಟದ ವಿದ್ಯೆಯೂ ಪೆಟ್ಟು ಮಾಯಿಸುವ ವಿದ್ಯೆಯೂ ಒಂದೇ ಮನೆಯಲ್ಲಿದ್ದವು. ಬಡಗಣ ಕರ್ನಾಟಕದ ಪೈಲ್ವಾನರಿಗೆ ದೊಡ್ಡ ಆಕರ್ಷಣೆಯಾಗಿದ್ದುದು ಕೊಲ್ಹಾಪುರ. ಶಾಹು ಮಹಾರಾಜರು ಅಲ್ಲಿ ಕಟ್ಟಿಸಿದ ಖಾಸಬಾಗ್ ಮೈದಾನ 1912ರಿಂದ ಈ ಭಾಗದ ಕುಸ್ತಿಗೆ ಹೆದ್ದಾರಿಯಾಯಿತು.

ಕೊಲ್ಹಾಪುರ ಸೀಮೆಯಲ್ಲೇ ಪಳಗಿದ ಖಾಶಾಬಾ ಜಾಧವ್ 1952ರ ಹೆಲ್ಸಿಂಕಿ ಒಲಿಂಪಿಕ್ಸ್‌ನಲ್ಲಿ ಕಂಚು ಗೆದ್ದರು. ಸ್ವತಂತ್ರ ಭಾರತಕ್ಕೆ ವೈಯಕ್ತಿಕ ಸ್ಪರ್ಧೆಯೊಂದರಲ್ಲಿ ಬಂದ ಮೊದಲ ಒಲಿಂಪಿಕ್ ಪದಕ ಅದು. ಶಾಲಾ ದಿನಗಳಲ್ಲಿ ಅವರು ಕುಸ್ತಿಯ ಜೊತೆಗೆ ಕಬಡ್ಡಿ, ಈಜು, ಓಟ, ಮಲ್ಲಕಂಬ ಎಲ್ಲದರಲ್ಲೂ ಮುಂದಿದ್ದವರು.

ಗರಡಿಯೊಳಗಿನ ಒಂದು ಬೆಳಗು

ನವಲಗುಂದದ ಎರಿ ಭೂಮಿ ಕಡಲೆಗೂ ಜೋಳಕ್ಕೂ ಒಳ್ಳೆಯದು, ಕುಸ್ತಿಗಲ್ಲ. ಒದ್ದೆಯಾದರೆ ಕಾಲಿಗೆ ಅಂಟುತ್ತದೆ, ಒಣಗಿದರೆ ಬಿರಿದು ಕಲ್ಲಾಗುತ್ತದೆ. ಆದ್ದರಿಂದ ಕಣಕ್ಕೆ ಕೆಮ್ಮಣ್ಣು ಬೇಕು. ಅದನ್ನು ಜರಡಿ ಹಿಡಿದು, ಎಣ್ಣೆ, ಮಜ್ಜಿಗೆ, ಅರಿಸಿನ, ಲಿಂಬೆರಸ ಬೆರೆಸಿ ಹದ ಮಾಡುತ್ತಾರೆ.

ತಾಲೀಮು ಶುರುವಾಗುವುದೇ ಆ ಮಣ್ಣನ್ನು ಸಲಿಕೆಯಿಂದ ಕೆದಕುವುದರಿಂದ. ಸೊಂಟ ಬಗ್ಗಿಸಿ, ಕಾಲು ಅಗಲಿಸಿ, ಮಣ್ಣೆಳೆದು ಹಿಂದಕ್ಕೆ ಹಾಕುವಾಗ ಬೆನ್ನು, ತೊಡೆ, ಮುಂಗೈ ಮೂರಕ್ಕೂ ಕೆಲಸ ಬೀಳುತ್ತದೆ. ಆಮೇಲೆ ದಂಡ. ಕೈ ಕಾಲು ನೆಲಕ್ಕೂರಿ ನಡುವನ್ನು ಮೇಲೆತ್ತಿ ನಿಂತವನು ಎದೆಯನ್ನು ನೆಲ ಸವರಿದಂತೆ ಮುಂದೆ ತಂದು, ಬೆನ್ನು ಬಾಗಿಸಿ ತಲೆ ಎತ್ತುತ್ತಾನೆ, ಮತ್ತೆ ಹಿಂದೆ ಸರಿಯುತ್ತಾನೆ. ಭುಜದ ಕೀಲು ಪೂರ್ತಿ ತಿರುಗುತ್ತದೆ, ಬೆನ್ನೆಲುಬು ಎರಡೂ ಕಡೆ ಬಾಗುತ್ತದೆ. ಬಸ್ಕಿಯಲ್ಲಿ ಹಿಮ್ಮಡಿ ಎತ್ತಿ ಕೂತು ಏಳುವುದರಿಂದ ಮೊಣಕಾಲಿನ ಸುತ್ತಲಿನ ಸ್ನಾಯುಗಳು ಗಟ್ಟಿಯಾಗುತ್ತವೆ. ನಂತರ ಗದೆಯನ್ನೂ, ಜೋಡಿ ಎಂದು ಕರೆಯುವ ಮರದ ಎರಡು ಮುಗ್ದರಗಳನ್ನೂ ತಿರುವುವುದು. ಅದು ಮುಗಿದ ಮೇಲೆಯೇ ಪಟ್ಟುಗಳ ಕಲಿಕೆ.

ಈ ಜೋಡಿಗೆ ಪ್ರಪಂಚ ಸುತ್ತಿದ ಚರಿತ್ರೆಯಿದೆ. 19ನೇ ಶತಮಾನದಲ್ಲಿ ಭಾರತದಲ್ಲಿದ್ದ ಬ್ರಿಟಿಷ್ ಸೈನಿಕ ಅಧಿಕಾರಿಗಳು ಅದನ್ನು ನೋಡಿ ‘ಇಂಡಿಯನ್ ಕ್ಲಬ್’ ಎಂಬ ಹೆಸರಿನಲ್ಲಿ ತಮ್ಮ ದೇಶದ ವ್ಯಾಯಾಮಶಾಲೆಗಳಿಗೆ ಒಯ್ದರು. 1904ರ ಸೇಂಟ್ ಲೂಯಿಸ್, 1932ರ ಲಾಸ್ ಏಂಜಲಿಸ್ ಒಲಿಂಪಿಕ್ಸ್‌ಗಳಲ್ಲಿ ಕ್ಲಬ್ ತಿರುವುವುದು ಜಿಮ್ನಾಸ್ಟಿಕ್ಸ್‌ನ ಸ್ಪರ್ಧೆಯೇ ಆಗಿತ್ತು. ಇಂದು ಚೆಂಡೆಸೆಯುವ, ರಾಕೆಟ್ ಬೀಸುವ ಆಟಗಾರರ ಭುಜಕ್ಕೆ ಕಸುವು ತುಂಬಲು ಜಿಮ್‌ಗಳಲ್ಲಿ ಹಗುರವಾದ ಕ್ಲಬ್, ಗದೆಗಳು ಮತ್ತೆ ಕಾಣುತ್ತಿವೆ.

ಬೇರೆ ಆಟಕ್ಕೆ ದಾಟಿ ಬರುವುದೇನು

ಸಮರಕಲೆಯಿಂದ ಇತರ ಆಟಗಳಿಗೆ ಸಿಗುವ ಲಾಭಗಳಲ್ಲಿ ಮೊದಲು ಹೇಳಬೇಕಾದದ್ದು ಬೀಳುವ ವಿದ್ಯೆ. ಮುಗ್ಗರಿಸಿದವರು ಸಹಜವಾಗಿ ಅಂಗೈ ಊರುತ್ತಾರೆ. ಇಡೀ ಮೈಯ ಭಾರ ಮಣಿಕಟ್ಟಿಗೆ ಬಂದು ಮೂಳೆ ಮುರಿಯುತ್ತದೆ, ಇಲ್ಲವೇ ಭುಜ ಜಾರುತ್ತದೆ. ಜೂಡೊ ಕಲಿಯುವವರಿಗೆ ಮೊದಲು ಹೇಳಿಕೊಡುವುದೇ ಇದನ್ನು ತಪ್ಪಿಸುವ ಉಕೆಮಿ ಎಂಬ ಕ್ರಮ: ಗದ್ದವನ್ನು ಎದೆಗೆ ತಾಗಿಸಿ, ಬೆನ್ನು ದುಂಡಗೆ ಮಾಡಿ, ಒಂದು ಭುಜದಿಂದ ಎದುರು ಬದಿಯ ಸೊಂಟದ ಕಡೆಗೆ ಉರುಳಿ, ಚಾಚಿದ ತೋಳಿನಿಂದ ನೆಲವನ್ನು ಬಡಿಯುವುದು. ಪೆಟ್ಟು ಒಂದೇ ಜಾಗಕ್ಕೆ ತಾಗದೆ ಮೈತುಂಬ ಹಂಚಿಹೋಗುತ್ತದೆ. ನೆದರ್ಲೆಂಡ್ಸ್‌ನ ಸಂಶೋಧಕರು 2007ರಲ್ಲಿ ಪ್ರಕಟಿಸಿದ ಅಧ್ಯಯನವೊಂದು ಪಕ್ಕಕ್ಕೆ ಬೀಳುವಾಗ ಈ ಬಗೆಯ ಉರುಳಿಕೆ ಸೊಂಟಕ್ಕೆ ತಗಲುವ ಹೊಡೆತವನ್ನು ಗಣನೀಯವಾಗಿ ತಗ್ಗಿಸುತ್ತದೆಂದು ಅಳೆದು ತೋರಿಸಿತು. ಸಮರಕಲೆಯ ಗಂಧವೇ ಇಲ್ಲದವರೂ ಅಲ್ಪ ಹೊತ್ತಿನ ತರಬೇತಿಯಲ್ಲಿ ಇದನ್ನು ರೂಢಿಸಿಕೊಳ್ಳಬಲ್ಲರು ಎಂದು ಅದೇ ತಂಡದ ಮುಂದಿನ ಕೆಲಸ ತಿಳಿಸಿತು. ಕ್ರಿಕೆಟ್‌ನಲ್ಲಿ ಚೆಂಡಿಗೆ ಹಾರುವ ಫೀಲ್ಡರ್, ಖೋಖೋದಲ್ಲಿ ಕಂಬದ ಕಡೆ ಮೈ ಚೆಲ್ಲುವ ಹುಡುಗಿ, ಹೆಂಟೆ ತುಂಬಿದ ಶಾಲಾ ಮೈದಾನದಲ್ಲಿ ಓಡುವ ಯಾವ ಮಗುವಾದರೂ ಸರಿ, ಕಲಿಯಬೇಕಾದ ಮೊದಲ ಪಾಠ ಇದು.

ಎರಡನೆಯದು ನಡುವಿನ ಬಲ ಮತ್ತು ಕಾಲೂರುವ ರೀತಿ. ಕುಸ್ತಿಯಲ್ಲಿ ಮೊಣಕಾಲು ಮಡಿಸಿ, ನಡು ತಗ್ಗಿಸಿ, ಭಾರವನ್ನು ಎರಡೂ ಪಾದಗಳ ನಡುವೆ ಇಟ್ಟುಕೊಂಡವನನ್ನು ಅಲುಗಾಡಿಸುವುದು ಕಷ್ಟ. ಫುಟ್‌ಬಾಲ್‌ನಲ್ಲಿ ಚೆಂಡನ್ನು ಮೈಯಿಂದ ಕಾಯುವಾಗ, ಬ್ಯಾಸ್ಕೆಟ್‌ಬಾಲ್‌ನಲ್ಲಿ ಬುಟ್ಟಿಯ ಕೆಳಗೆ ಜಾಗ ಹಿಡಿಯುವಾಗ, ಹಾಕಿಯಲ್ಲಿ ತಗ್ಗಿ ಓಡುವಾಗ ಬೇಕಾಗುವುದು ಇದೇ ನಿಲುವು.

ಮೂರನೆಯದು ಹಿಡಿತ. ಮುಂಗೈ ಮತ್ತು ಬೆರಳಿನ ಕಸುವನ್ನು ಕುಸ್ತಿ, ಜೂಡೊ, ಹಗ್ಗದ ಮಲ್ಲಕಂಬ ಬೆಳೆಸಿದಷ್ಟು ಬೇರೆ ಅಭ್ಯಾಸಗಳು ಬೆಳೆಸುವುದು ಅಪರೂಪ. ನಾಲ್ಕನೆಯದು ದಮ್ಮು. ಅಂತರರಾಷ್ಟ್ರೀಯ ಕುಸ್ತಿಯ ಒಂದು ಪಂದ್ಯ ತಲಾ 3 ನಿಮಿಷದ ಎರಡು ಸುತ್ತು, ಜೂಡೊ ಪಂದ್ಯ 4 ನಿಮಿಷ. ಅಷ್ಟರಲ್ಲಿ ಮೈಯೆಲ್ಲ ಶಕ್ತಿ ಸುರಿದು, ಕ್ಷಣ ಸುಧಾರಿಸಿಕೊಂಡು, ಮತ್ತೆ ಸುರಿಯಬೇಕು. ಬಿಟ್ಟುಬಿಟ್ಟು ಜೋರಾಗಿ ಓಡುವ ಆಟಗಳಿಗೂ ಬೇಕಾದ ದಮ್ಮು ಈ ಬಗೆಯದೇ.

ಐದನೆಯದನ್ನು ಯಂತ್ರದಿಂದ ಅಳೆಯಲಾಗದು. ಮೈಗೆ ಮೈ ತಾಗಿದಾಗ ಎದುರಾಳಿಯ ಭಾರ ಯಾವ ಕಾಲಿನ ಮೇಲಿದೆ, ಅವನು ಎಳೆಯುತ್ತಾನೋ ತಳ್ಳುತ್ತಾನೋ ಎಂಬುದನ್ನು ಕಣ್ಣಿಗಿಂತ ಮೊದಲು ಚರ್ಮ ತಿಳಿಯುತ್ತದೆ. ಜೊತೆಗಾರನೊಡನೆ ಸೆಣಸುತ್ತ ಸೆಣಸುತ್ತ ಮಾತ್ರ ಬರುವ ಈ ಅರಿವು ಕಬ್ಬಿಣದ ಭಾರ ಎತ್ತುವುದರಿಂದ ಬರುವುದಿಲ್ಲ.

ಕಬಡ್ಡಿ: ಕುಸ್ತಿಯ ಹತ್ತಿರದ ನೆಂಟ

ಈ ಮಾತುಗಳೆಲ್ಲ ಒಟ್ಟಿಗೆ ನಿಜವಾಗುವ ಆಟ ಕಬಡ್ಡಿ. ದಾಳಿಗೆ 30 ಸೆಕೆಂಡು, ಅಂಕಣದ ತುದಿಗೆರೆಯ ಮೂಲೆಯಲ್ಲಿ ಹೊಂಚುವ ಕ್ಯಾಚರ್. ದಾಳಿಗಾರ ಕಾಲು ಚಾಚಿದ ಕ್ಷಣ ಮೂಲೆಯವನು ನಡು ತಗ್ಗಿಸಿ ಒಳನುಗ್ಗುತ್ತಾನೆ. ಎರಡೂ ಕೈಯಲ್ಲಿ ಕಾಲ್ಗಿಣ್ಣು ಹಿಡಿದು ಎದೆಗೆ ಒತ್ತಿಕೊಂಡು ತನ್ನ ಭಾರವನ್ನು ಹಿಂದಕ್ಕೆ ಎಳೆಯುತ್ತಾನೆ. ತೊಡೆ ಹಿಡಿತವಾದರೆ ಭುಜವನ್ನು ದಾಳಿಗಾರನ ಸೊಂಟಕ್ಕೆ ಆನಿಸಿ, ತಲೆಯನ್ನು ಪಕ್ಕಕ್ಕೆ ಇಟ್ಟು, ಕಾಲನ್ನು ನೆಲದಿಂದ ಬಿಡಿಸಿ ಎತ್ತುತ್ತಾನೆ. ಕುಸ್ತಿ ಬಲ್ಲವರಿಗೆ ಇದರಲ್ಲಿ ಅಪರಿಚಿತವಾದ ಒಂದು ಚಲನೆಯೂ ಇಲ್ಲ: ತಗ್ಗುವುದು, ಒಳಹೊಕ್ಕು ಕಾಲು ಹಿಡಿಯುವುದು, ತಲೆ ಇಡುವ ಜಾಗ, ಎತ್ತುವಾಗ ಬೆನ್ನಿಗಿಂತ ತೊಡೆಗೆ ಕೆಲಸ ಕೊಡುವುದು. ಹಿಡಿತ ತಪ್ಪಿಸಿಕೊಂಡು ನಡುಗೆರೆಗೆ ಮೈ ಚಾಚುವ ದಾಳಿಗಾರನಿಗೂ ಗರಡಿಯಲ್ಲಿ ಕಲಿತ ಹೊರಳಾಟವೇ ಆಸರೆ.

ಇದನ್ನು ಜಗತ್ತಿಗೆ ತೋರಿಸಿಕೊಟ್ಟಿದ್ದು ಇರಾನ್. ಆ ದೇಶದಲ್ಲಿ ಕುಸ್ತಿ ಮನೆಮನೆಯ ಆಟ. ಗೋರ್ಗಾನ್ ಊರಿನ ಫಜಲ್ ಅತ್ರಾಚಲಿ ಬಾಲ್ಯದಲ್ಲಿ ಕುಸ್ತಿ ಕಲಿತು ನಂತರ ಕಬಡ್ಡಿಗೆ ಬಂದವರು. ಪ್ರೊ ಕಬಡ್ಡಿ ಲೀಗ್‌ನಲ್ಲಿ ಎಡ ಮೂಲೆಯ ಕ್ಯಾಚರ್ ಆಗಿ ಅವರು ಗಳಿಸಿದ ಹೆಸರು ನಮ್ಮ ಹಳ್ಳಿಯ ಹುಡುಗರಿಗೂ ಬಾಯಿಪಾಠ. 1990ರಲ್ಲಿ ಬೀಜಿಂಗ್‌ನಲ್ಲಿ ಕಬಡ್ಡಿ ಏಷ್ಯನ್ ಗೇಮ್ಸ್‌ಗೆ ಸೇರಿದಂದಿನಿಂದ ಪುರುಷರ ಚಿನ್ನ ಭಾರತದ ಕೈತಪ್ಪಿರಲಿಲ್ಲ. 2018ರಲ್ಲಿ ಜಕಾರ್ತದ ಸೆಮಿಫೈನಲ್‌ನಲ್ಲಿ ಇರಾನ್ 27-18ರಿಂದ ಭಾರತವನ್ನು ಸೋಲಿಸಿ ಮುಂದೆ ಚಿನ್ನವನ್ನೂ ಗೆದ್ದಿತು. ಮಹಿಳೆಯರ ಫೈನಲ್‌ನಲ್ಲೂ ಇರಾನ್ 27-24ರಿಂದ ಗೆದ್ದಿತು. ಆ ಗೆಲುವಿಗೆ ಕಾರಣ ಹಲವು. ಕುಸ್ತಿಯಿಂದ ಬಂದ ಹಿಡಿತ ಅವುಗಳಲ್ಲೊಂದು ಎಂಬುದನ್ನು ಆಟ ನೋಡಿದವರು ಅಲ್ಲಗಳೆಯಲಾರರು.

ಕರ್ನಾಟಕ ರಾಷ್ಟ್ರಕ್ಕೆ ಕಬಡ್ಡಿಪಟುಗಳನ್ನೂ ಕುಸ್ತಿಪಟುಗಳನ್ನೂ ಕೊಟ್ಟಿರುವ ರಾಜ್ಯ. ಬೆಂಗಳೂರು ಬುಲ್ಸ್ ಪ್ರೊ ಕಬಡ್ಡಿಯ ಆರನೆಯ ಆವೃತ್ತಿಯನ್ನು ಗೆದ್ದಿತು. ಬಾಗಲಕೋಟೆ ಜಿಲ್ಲೆಯ ಅರ್ಜುನ ಹಲಕುರ್ಕಿ 2020ರ ಫೆಬ್ರವರಿಯಲ್ಲಿ ದೆಹಲಿಯ ಏಷ್ಯನ್ ಚಾಂಪಿಯನ್‌ಶಿಪ್‌ನ ಗ್ರೀಕೊ ರೋಮನ್ ಕುಸ್ತಿಯ 55 ಕೆ.ಜಿ. ವಿಭಾಗದಲ್ಲಿ ಕಂಚು ತಂದರು. ಅದೇ ತಿಂಗಳು ಧಾರವಾಡದಲ್ಲಿ ಕರ್ನಾಟಕ ಕುಸ್ತಿ ಹಬ್ಬ ನಡೆಯಿತು. ಎರಡೂ ಆಟಗಳು ಒಂದೇ ಜಿಲ್ಲೆಯಲ್ಲಿ, ಎಷ್ಟೋ ಸಲ ಒಂದೇ ಊರಿನಲ್ಲಿ ಬೆಳೆಯುತ್ತಿವೆ. ಆದರೂ ಕಬಡ್ಡಿ ತಂಡದ ಹುಡುಗರನ್ನು ವಾರಕ್ಕೆರಡು ದಿನ ಗರಡಿಗೆ ಕಳಿಸುವ ಕ್ರಮ ಶಾಲೆ ಕಾಲೇಜುಗಳಲ್ಲಿ ಇನ್ನೂ ಬೇರೂರಿಲ್ಲ. ಖರ್ಚಿಲ್ಲದೆ ಕೈಗೆಟಕುವ ಲಾಭವೊಂದು ಹೀಗೆ ವ್ಯರ್ಥವಾಗುತ್ತಿದೆ.

ಹೊರದೇಶದ ನಿದರ್ಶನಗಳು

ಜಪಾನಿನ ಬೇಸ್‌ಬಾಲ್ ಆಟಗಾರ ಸದಹರು ಓ 1959ರಲ್ಲಿ ಯೊಮಿಯುರಿ ಜೈಂಟ್ಸ್ ತಂಡ ಸೇರಿದಾಗ ಸಾಧಾರಣ ಬ್ಯಾಟರ್. 1961ರಲ್ಲಿ ಅವರು ಬಾರಿಸಿದ್ದು 13 ಹೋಮ್‌ರನ್. ತರಬೇತುದಾರ ಹಿರೋಶಿ ಅರಕಾವಾ ಅವರನ್ನು ಐಕಿಡೊ ಎಂಬ ಸಮರಕಲೆಯ ಗುರುಗಳ ಬಳಿಗೆ ಕರೆದೊಯ್ದರು. ಕತ್ತಿ ಹಿಡಿಸಿ, ಮಾಡಿನಿಂದ ಇಳಿಬಿಟ್ಟ ಕಾಗದದ ಪಟ್ಟಿಯನ್ನು ಒಂದೇ ಬೀಸಿಗೆ ತುಂಡರಿಸುವ ಅಭ್ಯಾಸ ಮಾಡಿಸಿದರು. ಜೋತಾಡುವ ಕಾಗದಕ್ಕೆ ತೋಳಿನ ಬಲ ಸಾಲದು. ನಡು ತಿರುಗುವುದಕ್ಕೂ ಕತ್ತಿಯ ಅಂಚು ತಾಗುವುದಕ್ಕೂ ಕಾಲ ಕೂಡಿಬರಬೇಕು. ಮುಂಗಾಲನ್ನು ಎತ್ತಿ ಒಂಟಿ ಕಾಲಲ್ಲಿ ನಿಂತು ಚೆಂಡಿಗೆ ಕಾಯುವ ಅವರ ಹೆಸರಾಂತ ಭಂಗಿ ರೂಪುಗೊಂಡದ್ದು 1962ರಲ್ಲಿ. ಆ ವರ್ಷ 38 ಹೋಮ್‌ರನ್ ಬಂದವು. 1980ರಲ್ಲಿ ನಿವೃತ್ತರಾಗುವ ಹೊತ್ತಿಗೆ ಲೆಕ್ಕ 868ಕ್ಕೆ ಮುಟ್ಟಿತ್ತು.

ಅಮೆರಿಕದ ಬ್ಯಾಸ್ಕೆಟ್‌ಬಾಲ್ ಆಟಗಾರ ಕರೀಮ್ ಅಬ್ದುಲ್ ಜಬ್ಬಾರ್ ಕಾಲೇಜಿನಲ್ಲಿದ್ದಾಗ ಸಮರಕಲೆಯ ಗುರು ಬ್ರೂಸ್ ಲೀ ಅವರ ಶಿಷ್ಯರಾದರು. ಏಳಡಿ ಮೀರಿದ ಎತ್ತರದ ಈ ಆಟಗಾರ ಅವರಿಂದ ಕಲಿತದ್ದು ಮೈಯನ್ನು ಹಗುರವಾಗಿ, ಮಿತವ್ಯಯದಿಂದ ಚಲಿಸುವ ಬಗೆ. 1969ರಿಂದ 1989ರವರೆಗೆ 20 ಋತು ಆಡಿ 38,387 ಅಂಕ ಗಳಿಸಿದರು. ಗರಿಷ್ಠ ಅಂಕಗಳ ಆ ದಾಖಲೆ 2023ರ ಫೆಬ್ರವರಿವರೆಗೆ ಉಳಿಯಿತು.

ಸ್ವೀಡನ್‌ನ ಫುಟ್‌ಬಾಲಿಗ ಜ್ಲಾಟಾನ್ ಇಬ್ರಾಹಿಮೊವಿಚ್ ಮಾಲ್ಮೊ ನಗರದಲ್ಲಿ ಹುಡುಗನಾಗಿದ್ದಾಗ ಟೇಕ್ವಾಂಡೊ ಕಲಿತವರು. 2012ರ ನವೆಂಬರ್ 14ರಂದು ಇಂಗ್ಲೆಂಡ್ ವಿರುದ್ಧ ಗೋಲಿನಿಂದ ಬಲು ದೂರದಲ್ಲಿ ಬೆನ್ನು ತಿರುಗಿಸಿ, ಗಾಳಿಯಲ್ಲಿ ಮಲಗಿದಂತೆ ಹಾರಿ, ತಲೆಯ ಮೇಲಿಂದ ಅವರು ಒದ್ದ ಗೋಲು 2013ನೇ ಸಾಲಿನ ಅತ್ಯುತ್ತಮ ಗೋಲಿನ ಪುಸ್ಕಾಸ್ ಪ್ರಶಸ್ತಿ ಪಡೆಯಿತು. ಸೊಂಟದ ಕೀಲು ಅಷ್ಟು ಸಡಿಲವಾಗಿ ತಿರುಗದೆ ಆ ಒದೆತ ಸಾಧ್ಯವಿಲ್ಲ.

ಮೈಗೆ ಮೈ ಡಿಕ್ಕಿಯಾಗುವ ಆಟಗಳಲ್ಲಿ ಸಂಬಂಧ ಇನ್ನೂ ನೇರ. ಸ್ಟೀಫನ್ ನೀಲ್ 1999ರ ವಿಶ್ವ ಕುಸ್ತಿ ಚಾಂಪಿಯನ್. ಕಾಲೇಜಿನಲ್ಲಿ ಅಮೆರಿಕನ್ ಫುಟ್‌ಬಾಲ್ ಆಡದಿದ್ದ ಅವರು ನೇರವಾಗಿ ವೃತ್ತಿಪರ ತಂಡಕ್ಕೆ ಸೇರಿ, ನ್ಯೂ ಇಂಗ್ಲೆಂಡ್ ಪೇಟ್ರಿಯಟ್ಸ್‌ನ ಆಕ್ರಮಣ ಸಾಲಿನಲ್ಲಿ ವರ್ಷಗಟ್ಟಲೆ ನಿಂತರು. ಡಲ್ಲಾಸ್ ಕೌಬಾಯ್ಸ್ ತಂಡದ ದೈಹಿಕ ತರಬೇತುದಾರ ಬಾಬ್ ವಾರ್ಡ್ ಆಟಗಾರರಿಗೆ ಕೈಚಳಕ ಕಲಿಸಲು ಬ್ರೂಸ್ ಲೀ ಬಳಗದ ಡ್ಯಾನ್ ಇನೊಸಾಂಟೊ ಅವರ ನೆರವು ಪಡೆದರು. ಆಸ್ಟ್ರೇಲಿಯಾದ ರಗ್ಬಿ ಲೀಗ್ ತಂಡ ಮೆಲ್ಬರ್ನ್ ಸ್ಟಾರ್ಮ್ ಹಿಡಿತದ ಪಾಠಕ್ಕೆಂದೇ ಬೇರೆ ತರಬೇತುದಾರರನ್ನು ಇಟ್ಟುಕೊಂಡಿತು.

1964ರ ಟೋಕಿಯೊದಲ್ಲಿ ಜೂಡೊ ಮತ್ತು ವಾಲಿಬಾಲ್ ಎರಡೂ ಮೊದಲ ಬಾರಿಗೆ ಒಲಿಂಪಿಕ್ಸ್ ಸೇರಿದವು. ಹಿರೊಬುಮಿ ದೈಮಾತ್ಸು ತರಬೇತಿಯ ಜಪಾನ್ ಮಹಿಳೆಯರು ಅಲ್ಲಿ ಚಿನ್ನ ಗೆದ್ದದ್ದು ನೆಲಕ್ಕೆ ಹಾರಿ ಚೆಂಡೆತ್ತಿ, ಉರುಳಿ, ಅದೇ ವೇಗದಲ್ಲಿ ಎದ್ದು ನಿಲ್ಲುವ ಕೌಶಲದ ಬಲದಿಂದ. ಆ ಉರುಳಿಕೆಯನ್ನೂ ಜೂಡೊದ ಉರುಳಿಕೆಯನ್ನೂ ಅಕ್ಕಪಕ್ಕ ಇಟ್ಟು ನೋಡಿದರೆ ಬೀಳುವ ವಿದ್ಯೆ ವಾಲಿಬಾಲ್‌ಗೆ ಏನು ಕೊಡಬಲ್ಲುದು ಎಂಬುದು ತಿಳಿಯುತ್ತದೆ.

ಮಲ್ಲಕಂಬ

ಮಲ್ಲಕಂಬ ಹುಟ್ಟಿದ್ದೇ ಪೂರಕ ವ್ಯಾಯಾಮವಾಗಿ. ಎದುರಾಳಿಯ ಬದಲು ನಯವಾದ, ಹರಳೆಣ್ಣೆ ಸವರಿದ ಮರದ ಕಂಬವನ್ನು ತೊಡೆಯಲ್ಲಿ, ಕಂಕುಳಲ್ಲಿ, ಕಾಲ್ಬೆರಳಲ್ಲಿ ಹಿಡಿಯುವ ಈ ಸಾಧನೆಯಿಂದ ಕುಸ್ತಿಪಟುವಿನ ಹಿಡಿತವೂ ಚುರುಕೂ ಹೆಚ್ಚುತ್ತವೆ. ಪೇಶ್ವೆ ಎರಡನೆಯ ಬಾಜಿರಾಯನ ಕಾಲದಲ್ಲಿ ಬಾಳಂಭಟ್ಟ ದಾದಾ ದೇವಧರ ಅದಕ್ಕೆ ಮರುಹುಟ್ಟು ಕೊಟ್ಟರು. 1936ರಲ್ಲಿ ಅಮರಾವತಿಯ ಹನುಮಾನ್ ವ್ಯಾಯಾಮ ಪ್ರಸಾರಕ ಮಂಡಳಿ ಬರ್ಲಿನ್‌ನಲ್ಲಿ ಭಾರತದ ದೇಶಿ ಕ್ರೀಡೆಗಳನ್ನು ಪ್ರದರ್ಶಿಸಿತು. ಕರ್ನಾಟಕದಲ್ಲಿ ಬಾಗಲಕೋಟೆ ಜಿಲ್ಲೆಯ ತುಳಸಿಗೇರಿ, ಗದಗ ಜಿಲ್ಲೆಯ ಲಕ್ಷ್ಮೇಶ್ವರ ಮಲ್ಲಕಂಬಕ್ಕೆ ಹೆಸರಾದ ಊರುಗಳು. ಎರಡೂ ನವಲಗುಂದಕ್ಕೆ ದೂರದವಲ್ಲ.

ಕುಸ್ತಿಯ ನೆರಳಿನಲ್ಲಿ ಬೆಳೆದ ಮಲ್ಲಕಂಬ ಈಗ ಸ್ವತಂತ್ರ ಕ್ರೀಡೆ. 2021ರ ಆವೃತ್ತಿಯ ಖೇಲೊ ಇಂಡಿಯಾ ಯುವ ಕ್ರೀಡಾಕೂಟಕ್ಕೆ ಕಳರಿಪಯಟ್ಟು, ಗತ್ಕಾ, ಥಾಂಗ್ ತಾ, ಯೋಗಾಸನಗಳೊಡನೆ ಅದೂ ಸೇರಿತು. ಕಂಬದ ಮೇಲೆ ತಲೆಕೆಳಗಾಗಿ ನಿಂತು ಅಭ್ಯಾಸವಾದ ಮಗುವಿಗೆ ಜಿಮ್ನಾಸ್ಟಿಕ್ಸ್, ಡೈವಿಂಗ್, ಪೋಲ್‌ವಾಲ್ಟ್ ಕಲಿಯಲು ಬೇಕಾದ ದಿಕ್ಕಿನ ಅರಿವು ಆಗಲೇ ಮೈಗೂಡಿರುತ್ತದೆ. ಎದುರಾಳಿಯ ಪೆಟ್ಟು ಇಲ್ಲದಿರುವುದರಿಂದ ಪೂರಕ ತಾಲೀಮಿಗೆ ಇದು ಹೆಚ್ಚು ಸುರಕ್ಷಿತವೂ ಹೌದು. ಕೆಳಗೆ ದಪ್ಪ ಹಾಸು, ಪಕ್ಕದಲ್ಲಿ ಬಲ್ಲವರೊಬ್ಬರು ಇರಲೇಬೇಕು.

ಹೆಣ್ಣುಮಕ್ಕಳ ಪಾಲು

ಸಾಂಪ್ರದಾಯಿಕ ಗರಡಿ ಗಂಡಸರ ಜಾಗವಾಗಿತ್ತು. ಆ ಬಾಗಿಲು ತೆರೆಯುತ್ತಿರುವುದು ಈ ಕಾಲದ ದೊಡ್ಡ ಬದಲಾವಣೆ. 2004ರಲ್ಲಿ ಮಹಿಳಾ ಕುಸ್ತಿ ಒಲಿಂಪಿಕ್ಸ್ ಸೇರಿತು. ಕಲಘಟಗಿಯ ಪಕ್ಕದ ಹಳಿಯಾಳದಲ್ಲಿ ಸಿದ್ದಿ ಸಮುದಾಯದವರೂ ಸೇರಿದಂತೆ ಹಳ್ಳಿಯ ಹುಡುಗಿಯರು ಕುಸ್ತಿಗಿಳಿದು ಹೆಸರು ಮಾಡಿದ್ದಾರೆ. ಸಮಗ್ರ ಶಿಕ್ಷಣ ಯೋಜನೆಯ ರಾಣಿ ಲಕ್ಷ್ಮೀಬಾಯಿ ಆತ್ಮರಕ್ಷಣಾ ತರಬೇತಿಯಡಿ ಸರಕಾರಿ ಶಾಲೆಯ ವಿದ್ಯಾರ್ಥಿನಿಯರಿಗೆ ಮೂರು ತಿಂಗಳು ಕರಾಟೆಯಂಥ ವಿದ್ಯೆಗಳನ್ನು ಕಲಿಸುತ್ತಾರೆ.

ಉದ್ದೇಶ ಆತ್ಮರಕ್ಷಣೆಯಾದರೂ ಅಲ್ಲಿ ಕಲಿಸುವ ನಿಲುವು, ಒದೆತ, ದಿಕ್ಕು ಬದಲಿಸುವ ಹೆಜ್ಜೆಗಳು ಖೋಖೋ, ಕಬಡ್ಡಿ, ಥ್ರೋಬಾಲ್ ಆಡುವ ಹುಡುಗಿಯರಿಗೆ ನೇರವಾಗಿ ದಕ್ಕುತ್ತವೆ. ನೆಗೆದು ಇಳಿಯುವಾಗ ಮೊಣಕಾಲು ಒಳಗೆ ವಾಲಿ ಅಸ್ಥಿರಜ್ಜು ಹರಿಯುವ ಅಪಾಯ ಹುಡುಗಿಯರಲ್ಲಿ ಹುಡುಗರಿಗಿಂತ ಹೆಚ್ಚು. ಒಂಟಿಕಾಲ ಸಮತೋಲನ, ಮೊಣಕಾಲು ಪಾದದ ನೇರಕ್ಕೆ ಇರುವಂತೆ ಇಳಿಯುವ ಅಭ್ಯಾಸ ಈ ಅಪಾಯವನ್ನು ತಗ್ಗಿಸುವ ಕ್ರಮಗಳಲ್ಲಿ ಮುಖ್ಯವಾದವು. ಮೂರು ತಿಂಗಳಿಗೆ ನಿಲ್ಲುವ ತರಗತಿಯನ್ನು ಶಾಲೆಯ ದೈಹಿಕ ಶಿಕ್ಷಕರು ವರ್ಷವಿಡೀ ಮುಂದುವರಿಸಿದರೆ ಅದರ ಫಲ ತಾಲ್ಲೂಕು ಮಟ್ಟದ ಪಂದ್ಯದಲ್ಲಿ ಕಾಣದೆ ಇರದು.

ಅಪಾಯ ಮತ್ತು ಮಿತಿ

ಇಂಗ್ಲೆಂಡಿನ ರಗ್ಬಿ ತಂಡದ ಒಂದು ಘಟನೆ ಎಚ್ಚರಿಕೆಯ ಪಾಠ. 2016ರ ಅಕ್ಟೋಬರ್‌ನಲ್ಲಿ ಬ್ರೈಟನ್‌ನ ಶಿಬಿರದಲ್ಲಿ ಆಟಗಾರರಿಗೆ ಜೂಡೊ ಅಭ್ಯಾಸ ಇಟ್ಟಿದ್ದಾಗ ವಾಸ್ಪ್ಸ್ ಕ್ಲಬ್‌ನ ಸ್ಯಾಮ್ ಜೋನ್ಸ್ ಕಾಲು ಮುರಿದುಕೊಂಡರು. ಚೇತರಿಕೆ ಪೂರ್ಣವಾಗಲೇ ಇಲ್ಲ. 2018ರಲ್ಲಿ ಆಟ ಬಿಡಬೇಕಾಯಿತು. ನೂರು ಕಿಲೋ ತೂಗುವ, ಆದರೆ ಜೂಡೊದಲ್ಲಿ ಹೊಸಬರಾದ ಇಬ್ಬರು ಸೆಣಸಿದರೆ ಬಲ ಇರುತ್ತದೆ, ಅದನ್ನು ಹಿಡಿತದಲ್ಲಿಡುವ ಪಳಗಿಕೆ ಇರುವುದಿಲ್ಲ. ಪೂರಕ ತಾಲೀಮಿನಲ್ಲಿ ಗೆಲ್ಲುವ ಹಟ ಇರಬಾರದು. ಸಮ ತೂಕದ ಜೋಡಿ, ಮೊದಲ ವಾರಗಳಲ್ಲಿ ಬರೀ ಬೀಳುವ ಅಭ್ಯಾಸ, ಪೂರ್ಣ ಬಲದ ಸೆಣಸಾಟಕ್ಕೆ ಅವಸರವಿಲ್ಲ ಎಂಬ ನಿಯಮ ಇರಬೇಕು.

ಇನ್ನೊಂದು ಮಿತಿ ದೇಹದ ಸ್ವಭಾವದಲ್ಲೇ ಇದೆ. ಮೈ ಯಾವುದನ್ನು ಮಾಡುತ್ತದೋ ಅದರಲ್ಲೇ ಹೆಚ್ಚು ಪಳಗುತ್ತದೆ. ಕರಾಟೆಯ ಗುದ್ದು ಕಲಿತ ಮಾತ್ರಕ್ಕೆ ಬೌಲರನ ಯಾರ್ಕರ್ ನೆಟ್ಟಗಾಗುವುದಿಲ್ಲ. 2020ರಲ್ಲಿ ಕಂಬಳದ ಓಟಗಾರ ಶ್ರೀನಿವಾಸ ಗೌಡರು 142.5 ಮೀಟರನ್ನು 13.62 ಸೆಕೆಂಡಿನಲ್ಲಿ ಓಡಿದಾಗ ದೇಶವೇ ಅವರನ್ನು 100 ಮೀಟರ್ ಟ್ರ್ಯಾಕ್‌ಗೆ ಕರೆಯಿತು. ಕೋಣಗಳ ಜೊತೆ ಕೆಸರಿನಲ್ಲಿ ಓಡುವುದೇ ಬೇರೆ, ಟ್ರ್ಯಾಕ್ ಓಟವೇ ಬೇರೆ ಎಂದು ಅವರೇ ವಿನಯದಿಂದ ಹೇಳಿದರು. ಒಂದು ಆಟದ ಕೌಶಲ ಇದ್ದಂತೆಯೇ ಇನ್ನೊಂದಕ್ಕೆ ಬರುವುದಿಲ್ಲ. ಅದರ ಕೆಳಗಿರುವ ಬಲ, ಸಮತೋಲನ, ದಮ್ಮು ಬರುತ್ತವೆ.

ಪೈಲ್ವಾನರ ಊಟವನ್ನೂ ಹಾಗೇ ನಕಲು ಮಾಡಬಾರದು. ಸೇರುಗಟ್ಟಲೆ ಹಾಲು, ತುಪ್ಪ, ಬಾದಾಮಿ ದಿನಕ್ಕೆ ಗಂಟೆಗಟ್ಟಲೆ ಸಾಮು ತೆಗೆಯುವವರಿಗೆ ಸರಿ. ವಾರಕ್ಕೆರಡು ದಿನ ಗರಡಿಗೆ ಹೋಗುವ ವಾಲಿಬಾಲ್ ಆಟಗಾರನಿಗೆ ಅದು ಬೊಜ್ಜಾಗುತ್ತದೆ. ನೀರು ಕುಡಿಯದೆ ತೂಕ ಇಳಿಸುವ ಕುಸ್ತಿಪಟುಗಳ ಚಟ ಯಾರಿಗೂ ಒಳ್ಳೆಯದಲ್ಲ. ಗಜಕರ್ಣದಂಥ ಚರ್ಮರೋಗ ಕಣದಿಂದ ಮೈಗೆ, ಮೈಯಿಂದ ಮೈಗೆ ಹರಡುತ್ತದೆ. ತಾಲೀಮು ಮುಗಿದ ಕೂಡಲೇ ಸ್ನಾನ, ತನ್ನದೇ ಟವೆಲು, ಗಾಯವಿದ್ದ ದಿನ ಕಣಕ್ಕಿಳಿಯದಿರುವುದು ಇದಕ್ಕೆ ಮದ್ದು. ತಲೆಗೆ ಪೆಟ್ಟು ಬಿದ್ದವರನ್ನು ಅದೇ ದಿನ ಮತ್ತೆ ಆಡಿಸಬಾರದು.

ಮಕ್ಕಳ ವಿಷಯದಲ್ಲಿ ವೈದ್ಯರ ಸಲಹೆ ಪೂರಕ ತರಬೇತಿಯ ಪರವಾಗಿದೆ. ಒಂದೇ ಆಟಕ್ಕೆ ಮಗುವನ್ನು ಕಟ್ಟಿಹಾಕುವುದನ್ನು 15-16ರ ವಯಸ್ಸಿನವರೆಗೆ ಮುಂದೂಡುವುದು ಮೇಲು ಎಂದು ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ 2016ರಲ್ಲಿ ಹೇಳಿತು. ಹಲವು ಬಗೆಯ ಚಲನೆ ಕಲಿತ ಮಗುವಿಗೆ ಅತಿಬಳಕೆಯ ನೋವು ಕಡಿಮೆ, ಆಟದ ಬೇಸರವೂ ಕಡಿಮೆ.

ವರ್ಷದ ಲೆಕ್ಕ

ಪೂರಕ ತಾಲೀಮಿಗೆ ಸಮಯ ಗೊತ್ತುಮಾಡುವುದು ಅರ್ಧ ಕೆಲಸ. ನವಲಗುಂದ ಸೀಮೆಯಲ್ಲಿ ಹಿಂಗಾರಿಯ ಕಡಲೆ, ಜೋಳ ಮನೆಗೆ ಬಂದ ಮೇಲೆ, ಫೆಬ್ರವರಿಯಿಂದ ಮುಂಗಾರಿನವರೆಗೆ ಕೈ ಬಿಡುವಾಗುತ್ತದೆ. ಶಾಲೆಗಳ ಕ್ರೀಡಾಕೂಟ ಮಳೆಗಾಲದಲ್ಲಿ, ದಸರಾ ಕ್ರೀಡಾಕೂಟ ಅದರ ಹಿಂದೆಯೇ ಬರುತ್ತವೆ. ಆದ್ದರಿಂದ ಬೇಸಿಗೆಯ ಬೆಳಗು ಗರಡಿಗೆ ತಕ್ಕ ಕಾಲ: ವಾರಕ್ಕೆ ಎರಡು ಮೂರು ದಿನ, ಮುಕ್ಕಾಲು ಗಂಟೆ. ಮೊದಲು ಉರುಳಿಕೆ, ನಂತರ ದಂಡ ಬಸ್ಕಿ, ಕೊನೆಗೆ ಆಟಕ್ಕೆ ಹೊಂದುವ ಒಂದೆರಡು ಪಟ್ಟು. ಪಂದ್ಯಗಳು ಶುರುವಾದ ಮೇಲೆ ವಾರಕ್ಕೊಮ್ಮೆ ಸಾಕು. ಪಂದ್ಯದ ಹಿಂದುಮುಂದಿನ ದಿನಗಳಲ್ಲಿ ಸೆಣಸಾಟ ಬೇಡ.

ಸೌಕರ್ಯಗಳೂ ಇಲ್ಲದಿಲ್ಲ. ಧಾರವಾಡದಲ್ಲಿ ಭಾರತೀಯ ಕ್ರೀಡಾ ಪ್ರಾಧಿಕಾರದ ತರಬೇತಿ ಕೇಂದ್ರವಿದೆ. ಬಳ್ಳಾರಿ ಜಿಲ್ಲೆಯ ತೋರಣಗಲ್ಲಿನ ಇನ್‌ಸ್ಪೈರ್ ಇನ್‌ಸ್ಟಿಟ್ಯೂಟ್ ಆಫ್ ಸ್ಪೋರ್ಟ್‌ನಲ್ಲಿ ಅಥ್ಲೀಟ್‌ಗಳೂ ಕುಸ್ತಿ, ಜೂಡೊ, ಬಾಕ್ಸಿಂಗ್ ಪಟುಗಳೂ ಒಂದೇ ಆವರಣದಲ್ಲಿ ಪಳಗುತ್ತಾರೆ. ರಾಜ್ಯ ಸರಕಾರದ ಕ್ರೀಡಾರತ್ನ ಪ್ರಶಸ್ತಿ ಕುಸ್ತಿ, ಮಲ್ಲಕಂಬ, ಕಬಡ್ಡಿಯಂಥ ದೇಶಿ ಆಟಗಳ ಸಾಧಕರಿಗೆ ಸಲ್ಲುತ್ತದೆ. ಹಳ್ಳಿಯಲ್ಲಿ ಕೊರತೆಯಿರುವುದು ಕಲಿಸುವವರನ್ನು ಕೂಡಿಸುವ ಕೆಲಸದಲ್ಲಿ. ಗರಡಿಯ ಉಸ್ತಾದರಿಗೆ ವಾಲಿಬಾಲ್ ಹುಡುಗನ ಭುಜಕ್ಕೆ ಏನು ಬೇಕೆಂದು ತಿಳಿದಿರುವುದಿಲ್ಲ, ದೈಹಿಕ ಶಿಕ್ಷಕರಿಗೆ ಕಣದ ಪಟ್ಟುಗಳು ಗೊತ್ತಿರುವುದಿಲ್ಲ. ಯುವಸಬಲೀಕರಣ ಮತ್ತು ಕ್ರೀಡಾ ಇಲಾಖೆ ಬೇಸಿಗೆ ಶಿಬಿರಗಳಲ್ಲಿ ಇವರಿಬ್ಬರನ್ನೂ ಒಟ್ಟಿಗೆ ಕೂರಿಸಿ ಪಾಠಕ್ರಮ ರೂಪಿಸಿದರೆ, ಯಮನೂರಿನಂಥ ಊರಿನ ಮಕ್ಕಳು ಕೆಮ್ಮಣ್ಣಿನ ಒಂದು ಕಣ, ಒಂದು ಹಗ್ಗ, ಎರಡು ಹಾಸುಗಳಿಂದಲೇ ಈ ತರಬೇತಿ ಆರಂಭಿಸಬಹುದು.